ರಿಸಲ್ಟ್ ಬಂದ ಮೇಲೆ, ನಂಬರ್ ಬರುವ ತನಕ: ಮಂಗಳೂರಿನಲ್ಲಿ ಹೊಸ ನರ್ಸ್ ಆದ ಕಥೆ

ಬಿ.ಎಸ್ಸಿ. ನರ್ಸಿಂಗ್ ಪಾಸಾದ ಕೂಡಲೇ ಯಾರೂ ನರ್ಸ್ ಆಗುವುದಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಬೇಕು, ನಂಬರ್ ಬರಬೇಕು. ಇದೆಲ್ಲ ನಮಗೆ ಪಾಠದಲ್ಲೇ ಇತ್ತು. ಆದರೆ ರಿಸಲ್ಟಿಗೂ ನಂಬರಿಗೂ ನಡುವೆ ಎಷ್ಟು ಓಡಾಟ, ಎಷ್ಟು ಕಾಯುವುದು ಇದೆ ಅಂತ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಅಪ್ಪ ದಿನಾ ಕೇಳುತ್ತಿದ್ದರು: "ಪಾಸ್ ಆಯ್ತಲ್ಲ, ಇನ್ನು ಎಂಥದ್ದು ಬಾಕಿ ಉಂಟು?" ಪಕ್ಕದ ಮನೆಯವರಂತೂ ನನಗೆ ಕೆಲಸ ಸಿಗಲಿಲ್ಲ ಅಂತಲೇ ತೀರ್ಮಾನ ಮಾಡಿಬಿಟ್ಟಿದ್ದರು.

ನಮ್ಮದು ಬೆಳ್ತಂಗಡಿ ಕಡೆ. ಓದಿದ್ದು ಮಂಗಳೂರಿನ ಒಂದು ಕಾಲೇಜಿನಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ. ಈಗ ಇಲ್ಲೇ ಒಂದು ಖಾಸಗಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮ ಜೂನಿಯರ್ ಬ್ಯಾಚಿನವರು ಫೈನಲ್ ಪರೀಕ್ಷೆ ಮುಗಿಸಿ ಕೂತಿದ್ದಾರೆ. ನಾನು ನೈಟ್ ಡ್ಯೂಟಿ ಮುಗಿಸಿ ಮಲಗುವ ಹೊತ್ತಿಗೇ ಸರಿಯಾಗಿ ಅವರ ಫೋನ್ ಬರುತ್ತದೆ. "ಅಕ್ಕಾ, ಮೊದಲು ಎಂಥ ಮಾಡಬೇಕು?" ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಮೊದಲ ಕೆಲಸ ಕಾಲೇಜು ಆಫೀಸಿನದ್ದು. ರಿಸಲ್ಟ್ ಬರುವುದಕ್ಕೆ ಮುಂಚೆಯೇ ನೋ ಡ್ಯೂಸ್ ಫಾರ್ಮ್ ತಗೊಳ್ಳಿ. ಲೈಬ್ರರಿ, ಹಾಸ್ಟೆಲ್, ಮೆಸ್, ಒಂದೊಂದು ಡಿಪಾರ್ಟ್‌ಮೆಂಟಿನ ಲ್ಯಾಬ್, ಎಲ್ಲ ಕಡೆ ಸಹಿ ಆಗಬೇಕು. ನನ್ನದು ಅನಾಟಮಿ ಲ್ಯಾಬಿನಲ್ಲಿ ನಿಂತಿತು. ಮೊದಲ ವರ್ಷ ನಮ್ಮ ಗುಂಪಿಗೆ ಓದಲು ಕೊಟ್ಟಿದ್ದ ಬೋನ್ ಸೆಟ್ ವಾಪಸ್ ಬಂದಿಲ್ಲ ಅಂತ ರಿಜಿಸ್ಟರ್ ಹೇಳುತ್ತಿತ್ತು. ನಾವು ಕೊಟ್ಟಿದ್ದೆವು. ಆಗ ಇದ್ದ ಲ್ಯಾಬ್ ಅಸಿಸ್ಟೆಂಟ್ ಎಂಟ್ರಿ ಹೊಡೆದಿರಲಿಲ್ಲ, ಅವರು ಕೆಲಸ ಬಿಟ್ಟು ಎಷ್ಟೋ ಕಾಲ ಆಗಿತ್ತು. ಕೊನೆಗೆ ಕಪಾಟು ತೆಗೆಸಿ, ಚೀಲಗಳನ್ನು ನೆಲದ ಮೇಲೆ ಸುರಿದು, ಫೀಮರ್, ಟಿಬಿಯಾ, ಸ್ಕ್ಯಾಪುಲಾ ಅಂತ ಒಂದೊಂದೇ ಎಣಿಸಿ ಒಪ್ಪಿಸಿದೆವು. ವೈವಾದಲ್ಲೂ ನನ್ನ ಹತ್ತಿರ ಇಷ್ಟು ಮೂಳೆಗಳ ಹೆಸರು ಯಾರೂ ಕೇಳಿರಲಿಲ್ಲ.

ನೋ ಡ್ಯೂಸ್ ಆಗದೆ ಕೋರ್ಸ್ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಇಲ್ಲದೆ ಕೌನ್ಸಿಲಿಗೆ ಅರ್ಜಿ ಹಾಕಲು ಆಗುವುದಿಲ್ಲ. ಅದಕ್ಕೆ ಪ್ರಿನ್ಸಿಪಾಲರ ಸಹಿ, ಕಾಲೇಜಿನ ಸೀಲು ಎರಡೂ ಬೇಕು. ನಾನು ಹೋದಾಗಲೆಲ್ಲ ಮೇಡಂ ಇನ್‌ಸ್ಪೆಕ್ಷನ್‌ನಲ್ಲೋ ಮೀಟಿಂಗಿನಲ್ಲೋ ಇರುತ್ತಿದ್ದರು. ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದು, ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತು, "ನಾಳೆ ಬನ್ನಿ" ಅನ್ನಿಸಿಕೊಂಡು ವಾಪಸ್ ಹೋಗುವುದು ಇದೆಯಲ್ಲ, ಅದು ಸಾಕೋ ಸಾಕು ಅನ್ನಿಸಿಬಿಟ್ಟಿತು. ದೂರದ ಊರಿನವರು ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೊರಡಿ. ಆಫೀಸಿನಲ್ಲಿ ಒಬ್ಬರನ್ನಾದರೂ ಪರಿಚಯ ಮಾಡಿಟ್ಟುಕೊಳ್ಳಿ.

ಅದೇ ಸಮಯಕ್ಕೆ ಇನ್ನೆರಡು ಕೆಲಸ ಮುಗಿಸಿಕೊಳ್ಳಿ. ಒಂದು, ವಿಶ್ವವಿದ್ಯಾಲಯದಿಂದ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್. ನಿಜವಾದ ಡಿಗ್ರಿ ಬರುವುದು ಘಟಿಕೋತ್ಸವದ ನಂತರ. ಅಲ್ಲಿವರೆಗೆ ಎಲ್ಲ ಕಡೆ ನಡೆಯುವುದು ಈ ಪ್ರೊವಿಷನಲ್ಲೇ. ಇನ್ನೊಂದು, ಟ್ರಾನ್ಸ್‌ಕ್ರಿಪ್ಟ್. ಯಾವ ವಿಷಯ ಎಷ್ಟು ಗಂಟೆ ಓದಿದ್ದೀರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪೋಸ್ಟಿಂಗ್ ಮಾಡಿದ್ದೀರಿ ಅಂತ ಅದರಲ್ಲಿ ಇರುತ್ತದೆ. ಈಗ ಬೇಡ ಅನ್ನಿಸಬಹುದು. ಮುಂದೆ ಗಲ್ಫ್, ಇಂಗ್ಲೆಂಡ್, ಜರ್ಮನಿ ಅಂತ ಮನಸ್ಸು ಮಾಡಿದರೆ ಅದೇ ಮುಖ್ಯ. ಆಗ ಇಲ್ಲಿಗೆ ಬಂದು ಹಳೇ ರಿಜಿಸ್ಟರ್ ತೆಗೆಸುವುದು ಇನ್ನೂ ಕಷ್ಟ.

ಆಮೇಲೆ ಬಂತು ಹೆಸರಿನ ತಕರಾರು. ಇದು ನಮ್ಮ ಊರಿನ ಅರ್ಧ ಮಕ್ಕಳಿಗೆ ಬರುವಂಥದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಒಂದೇ ಅಕ್ಷರದ ಇನಿಶಿಯಲ್ ಇದೆ. ಆಧಾರ್ ಮಾಡಿಸುವಾಗ ಅಲ್ಲಿ ಕೂತವರು ಅಪ್ಪನ ಪೂರ್ತಿ ಹೆಸರು ಸೇರಿಸಿದ್ದರು. ಪಿಯುಸಿ ಮತ್ತು ಡಿಗ್ರಿ ಅಂಕಪಟ್ಟಿಗಳು ಎಸ್ಸೆಸ್ಸೆಲ್ಸಿ ಹಾಗೇ ಇವೆ. ಕಾಲೇಜು ಮುಗಿಯುವ ತನಕ ಯಾರಿಗೂ ಇದು ಕಣ್ಣಿಗೆ ಬೀಳಲಿಲ್ಲ. ಅರ್ಜಿ ಹಾಕುವಾಗ ಎರಡೂ ತಾಳೆ ಆಗಬೇಕು ಅಂದರು.

ಅಂಕಪಟ್ಟಿ ತಿದ್ದಿಸುವ ಕೆಲಸಕ್ಕೆ ಹೋಗಬೇಡಿ. ಅದು ಮುಗಿಯುವ ಕಥೆಯಲ್ಲ. ಆಧಾರನ್ನೇ ಅಂಕಪಟ್ಟಿಗೆ ಸರಿಯಾಗಿ ಮಾಡಿಸಿಕೊಳ್ಳಿ. ಆಧಾರ್ ಸೇವಾ ಕೇಂದ್ರಕ್ಕೆ ಮೂಲ ಅಂಕಪಟ್ಟಿ ತಗೊಂಡು ಹೋದರೆ ಆಗುತ್ತದೆ. ಆದರೆ ಒಂದು ನೆನಪಿಡಿ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಮದುವೆ ಆದ ಮೇಲೆ ಬದಲಿಸುವ ಯೋಚನೆ ಇದ್ದರೆ ಅದೂ ಆ ಎರಡರಲ್ಲೇ ಬರುತ್ತದೆ. ಆಪರೇಟರ್ ಟೈಪ್ ಮಾಡಿದ ಮೇಲೆ ಪರದೆಯಲ್ಲಿ ಕನ್ನಡ, ಇಂಗ್ಲಿಷ್ ಎರಡರ ಸ್ಪೆಲ್ಲಿಂಗನ್ನೂ ನೀವೇ ಓದಿ ನೋಡಿ, ಆಮೇಲೆ ಹೂಂ ಅನ್ನಿ. ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಅದೇ ಹೆಸರು ಇದೆಯಾ ಅಂತ ಆಗಲೇ ನೋಡಿಕೊಂಡರೆ ಸಂಬಳದ ಹೊತ್ತಿಗೆ ತಲೆನೋವು ಇರುವುದಿಲ್ಲ.

ಕೌನ್ಸಿಲ್ ಅರ್ಜಿ ಆನ್‌ಲೈನ್. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಕೊನೆಯ ಪರೀಕ್ಷೆ ತನಕದ ಅಂಕಪಟ್ಟಿಗಳು, ಕೋರ್ಸ್ ಕಂಪ್ಲೀಷನ್, ಪ್ರೊವಿಷನಲ್ ಡಿಗ್ರಿ, ಆಧಾರ್, ಫೋಟೋ, ಸಹಿ, ಎಲ್ಲ ಸ್ಕ್ಯಾನ್ ಆಗಿ ರೆಡಿ ಇರಲಿ. ನಾನು ಒಂದು ಸೈಬರ್ ಅಂಗಡಿಯಲ್ಲಿ ಕೊಟ್ಟೆ. ಅಲ್ಲಿಯವರು ಫೈಲ್ ಸೈಜ್ ಇಳಿಸುವ ಗಡಿಬಿಡಿಯಲ್ಲಿ ಕಾಲೇಜಿನ ನೀಲಿ ಸೀಲು ಮಾಸಿ ಹೋಗುವಷ್ಟು ತೆಳು ಮಾಡಿದ್ದರು. ದಾಖಲೆ ಸ್ಪಷ್ಟ ಇಲ್ಲ ಅಂತ ವಾಪಸ್ ಬಂತು. ಮತ್ತೆ ಅಪ್‌ಲೋಡ್, ಮತ್ತೆ ಕಾಯುವುದು. ನಿಮ್ಮ ಸ್ಕ್ಯಾನ್‌ಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಸೀಲಿನೊಳಗಿನ ಅಕ್ಷರ ಓದಲು ಆಗುತ್ತದಾ? ಆದರೆ ಸರಿ.

ನಮಗೆ ಬರುವುದು ನರ್ಸ್ ಮತ್ತು ಮಿಡ್‌ವೈಫ್ (ಹೆರಿಗೆ ಮಾಡಿಸುವವರು) ಎರಡೂ ನೋಂದಣಿ. ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಅಂತ ಹಾಕಿಕೊಳ್ಳುವುದು ಅದಕ್ಕೇ. ಇದಲ್ಲದೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ರಾಷ್ಟ್ರೀಯ ರಿಜಿಸ್ಟರಿನಲ್ಲಿ ಎನ್‌ಯುಐಡಿ ಅನ್ನುವ ಇನ್ನೊಂದು ನಂಬರ್ ಇದೆ. ಎರಡೂ ಒಂದೇ ಅಲ್ಲ. ಇಂಟರ್‌ವ್ಯೂನಲ್ಲಿ "ನಂಬರ್ ಬಂತಾ?" ಅಂದರೆ ಸಾಮಾನ್ಯವಾಗಿ ರಾಜ್ಯ ಕೌನ್ಸಿಲಿನದ್ದು ಕೇಳುತ್ತಿದ್ದಾರೆ ಅಂತ ಅರ್ಥ.

ಸುಮ್ನೆ ಮನೆಯಲ್ಲಿ ಕೂರಲಾಗದೆ ಕೆಲಸ ಹುಡುಕಲು ಶುರು ಮಾಡಿದೆ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರ ಇಲ್ಲ. ಕಂಕನಾಡಿ, ಅತ್ತಾವರ, ಕುಂಟಿಕಾನ, ದೇರಳಕಟ್ಟೆ, ಎಲ್ಲಿ ಇಳಿದರೂ ಒಂದು ದೊಡ್ಡ ಆಸ್ಪತ್ರೆ ಸಿಗುತ್ತದೆ. ಬಯೋಡೇಟಾವನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಫೀಸಿಗೇ ಹೋಗಿ ಕೊಟ್ಟರೆ ಒಳ್ಳೆಯದು. ಮೇಲ್ ಕಳಿಸಿ ಕೂತರೆ ಉತ್ತರ ಬರುವುದು ಕಡಿಮೆ. ಬಯೋಡೇಟಾದಲ್ಲಿ ಹಾಡು, ಓದು ಅಂತ ಹವ್ಯಾಸ ಬರೆಯುವ ಬದಲು ಪೋಸ್ಟಿಂಗ್‌ಗಳನ್ನು ಬರೆಯಿರಿ: ಐಸಿಯುನಲ್ಲಿ ಎಷ್ಟು ವಾರ, ಲೇಬರ್ ರೂಮಿನಲ್ಲಿ ಎಷ್ಟು ಹೆರಿಗೆ ನೋಡಿದ್ದೀರಿ, ಎಷ್ಟು ಮಾಡಿಸಿದ್ದೀರಿ. ವೆನ್‌ಲಾಕ್‌ನಲ್ಲೋ ಲೇಡಿಗೋಷನ್‌ನಲ್ಲೋ ಪೋಸ್ಟಿಂಗ್ ಮಾಡಿದವರು ಅದನ್ನು ಬರೆಯಲು ಮರೆಯಬೇಡಿ. ಸರ್ಕಾರಿ ಆಸ್ಪತ್ರೆಯ ರಶ್ ನೋಡಿದವರು ಅಂದರೆ ಒಂದು ತೂಕ ಇದೆ.

ಇಂಟರ್‌ವ್ಯೂನಲ್ಲಿ ಮೊದಲು ಬರೆಯುವ ಪರೀಕ್ಷೆ. ಥಿಯರಿ ಕಡಿಮೆ, ಲೆಕ್ಕ ಜಾಸ್ತಿ. 500 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? 500ನ್ನು 20ರಿಂದ ಗುಣಿಸಿ 480 ನಿಮಿಷಕ್ಕೆ ಭಾಗಿಸಿದರೆ ಸುಮಾರು 21. ಕಾಗದದಲ್ಲಿ ಇದು ಸುಲಭ. ಎದುರಿಗೆ ಮೂರು ಜನ ಮೇಡಂ ಕೂತು ನೋಡುವಾಗ 8 ಗಂಟೆಯನ್ನು ನಿಮಿಷ ಮಾಡಲೂ ಬೆವರು ಬರುತ್ತದೆ. ಆಮೇಲೆ ಸಿಪಿಆರ್ ಕೇಳಿದರು: 30 ಸಲ ಒತ್ತಿ 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಲ್ಲಿ ಎದೆ 5 ಸೆಂಟಿಮೀಟರ್ ಆದರೂ ಇಳಿಯಬೇಕು. ಕ್ಯಾನುಲಾ, ಅಂದರೆ ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚುವ ಕೊಳವೆ, ಯಾವ ಸೈಜಿಗೆ ಯಾವ ಬಣ್ಣ ಅಂತ ಕೇಳಿದರು: 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ.

ಕೊನೆಗೆ ಒಬ್ಬರು ಪೆನ್ನು ಕೆಳಗಿಟ್ಟು ಕೇಳಿದರು, "ತುಳು ಬರ್ಪುಂಡಾ?" ಬರ್ಪುಂಡು ಅಂದೆ. ಅಲ್ಲಿಂದ ಮಾತು ಹಗುರ ಆಯಿತು. ತುಳು ಬಾರದವರು ಹೆದರಬೇಡಿ. ನನ್ನ ರೂಮ್‌ಮೇಟ್ ಬಾಗಲಕೋಟೆಯವಳು. ಮೊದಲು "ಏನ್ ಹೇಳಾಕತ್ತಾರ, ಒಂದೂ ತಿಳಿವಲ್ದು" ಅಂತ ಅಳುವ ಹಾಗೆ ಆಗಿದ್ದಳು. ಈಗ "ಓಲು ಬೇನೆ?" (ಎಲ್ಲಿ ನೋವು?) ಅಂತ ಅವಳೇ ಅಜ್ಜಿಯಂದಿರನ್ನು ಕೇಳುತ್ತಾಳೆ. ಕಾಸರಗೋಡಿನಿಂದ ಬರುವ ರೋಗಿಗಳಿಗೆ ನಾಲ್ಕು ಮಾತು ಮಲಯಾಳವೂ ಬೇಕಾಗುತ್ತದೆ.

ಕೆಲಸ ಸಿಕ್ಕಿತು, ಆದರೆ ಟ್ರೈನಿ ಅಂತ. ನಂಬರ್ ಬಂದ ಮೇಲೆ ಸ್ಟಾಫ್ ನರ್ಸ್ ಸಂಬಳ, ಅಲ್ಲಿವರೆಗೆ ಕೈಗೆ ಬರುವುದು 15,000ದ ಒಳಗೆ. ನಾಲ್ಕು ವರ್ಷದ ಫೀಸು ನೆನಪಾದರೆ ಹೊಟ್ಟೆ ಉರಿಯುತ್ತದೆ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ ಇರಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲೂ 20,000ಕ್ಕಿಂತ ಕಡಿಮೆ ಇರಬಾರದು ಅಂತ ಅದು ಶಿಫಾರಸು ಮಾಡಿತ್ತು. ಶಿಫಾರಸು ಕಾಗದದಲ್ಲಿ ಇದೆ. ನನ್ನ ಪೇ ಸ್ಲಿಪ್ಪಿನಲ್ಲಿ ಇಲ್ಲ.

ಆಫರ್ ಲೆಟರ್ ಕೊಡುವಾಗ ಒಂದು ಕಡೆ, ಅಂದರೆ ನಾನು ಸೇರದ ಇನ್ನೊಂದು ಕಡೆ, ಮೂಲ ಸರ್ಟಿಫಿಕೇಟುಗಳನ್ನು ಅವರ ಹತ್ತಿರ ಇಡಬೇಕು, ಮಧ್ಯದಲ್ಲಿ ಬಿಟ್ಟರೆ ದುಡ್ಡು ಕಟ್ಟಬೇಕು ಅಂದರು. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ. ಕೌನ್ಸಿಲ್ ಯಾವುದಾದರೂ ದಾಖಲೆ ಮತ್ತೆ ಕೇಳಿದರೆ, ಸರ್ಕಾರಿ ನೇಮಕಾತಿಯ ಪರಿಶೀಲನೆಗೆ ಕರೆದರೆ ಆ ಮೂಲ ಕಾಗದವೇ ಬೇಕು. ಪರಿಶೀಲನೆಗೆ ತೋರಿಸಿ, ಅಲ್ಲೇ ವಾಪಸ್ ತಗೊಳ್ಳಿ. ಕೇಳಲು ಮುಜುಗರ ಆದರೆ ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಸಹಿ ಹಾಕುವ ಮುಂಚೆ ನೋಟಿಸ್ ಅವಧಿ ಎಷ್ಟು ಅಂತ ಓದಿ. ಎಲ್ಲರೂ ಸಂಬಳದ ಸಾಲು ನೋಡುತ್ತಾರೆ, ಇದನ್ನು ಬಿಡುತ್ತಾರೆ.

ಸೇರುವ ಮುಂಚಿನ ಮೆಡಿಕಲ್ ಚೆಕಪ್‌ನಲ್ಲಿ ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ. ಲಸಿಕೆ ನಮಗೆ ಮೊದಲ ವರ್ಷವೇ ಕಾಲೇಜಿನಲ್ಲಿ ಹಾಕಿಸಿದ್ದರು, ಮೂರೂ ಡೋಸ್. ಕಾರ್ಡು ಮಾತ್ರ ಕಾಲೇಜಿನ ಯಾವುದೋ ಫೈಲಿನಲ್ಲಿ. ಹುಡುಕಿಸಿದರೂ ಸಿಗಲಿಲ್ಲ. ಆಂಟಿಬಾಡಿ ಟೈಟರ್ ಅಂತ ರಕ್ತ ಪರೀಕ್ಷೆ ಮಾಡಿಸಿದೆ. 10ಕ್ಕಿಂತ ಮೇಲಿದ್ದರೆ ರಕ್ಷಣೆ ಇದೆ ಅಂತ ಲೆಕ್ಕ. ನನ್ನದು ಸಾಕಷ್ಟು ಮೇಲಿತ್ತು. ದುಡ್ಡು ನನ್ನ ಕೈಯಿಂದಲೇ ಹೋಯಿತು. ಬಿಎಲ್‌ಎಸ್ ಕೋರ್ಸ್ (ಸಿಪಿಆರ್ ಥರದ ತುರ್ತು ಜೀವರಕ್ಷಣೆಯ ತರಬೇತಿ) ಕೂಡ ಮಾಡಿಸಿಕೊಳ್ಳಿ ಅಂದರು. ಆ ಕಾರ್ಡು ಎರಡೇ ವರ್ಷ ನಡೆಯುತ್ತದೆ, ಆದ್ದರಿಂದ ಕಾಲೇಜಿನಲ್ಲಿರುವಾಗಲೇ ಅವಸರ ಮಾಡಿ ಮಾಡಿಸಬೇಡಿ. ಕೆಲಸ ಗಟ್ಟಿ ಆದ ಮೇಲೆ ಮಾಡಿದರೆ ಪೂರ್ತಿ ಎರಡು ವರ್ಷ ಸಿಗುತ್ತದೆ. ಕೆಲವು ಆಸ್ಪತ್ರೆಗಳು ತಾವೇ ಮಾಡಿಸುತ್ತವೆ, ಕೇಳಿ ನೋಡಿ.

ಪಿಜಿ ಕಂಕನಾಡಿಯಲ್ಲಿ ಸಿಕ್ಕಿತು. ಇಬ್ಬರಿಗೆ ಒಂದು ರೂಮು, ಊಟ ಸೇರಿ 6,500, ಮೇಲೆ ಒಂದು ತಿಂಗಳ ಅಡ್ವಾನ್ಸ್. ಪಿಜಿ ನೋಡುವಾಗ ಕೇಳಬೇಕಾದ ಪ್ರಶ್ನೆ ವೈಫೈ ಅಲ್ಲ. "ನೈಟ್ ಡ್ಯೂಟಿಯವರಿಗೆ ಬೆಳಿಗ್ಗೆ ಎಷ್ಟು ಗಂಟೆ ತನಕ ತಿಂಡಿ ಇರುತ್ತದೆ?" ಅಂತ ಕೇಳಿ. ಮುಂದಿನ ಪಾಳಿಯವರಿಗೆ ರೋಗಿಗಳನ್ನು ವಹಿಸಿಕೊಡುವ ಹ್ಯಾಂಡ್‌ಓವರ್ ಮುಗಿಸಿ ಬರುವಾಗ ಮೆಸ್ ಮುಚ್ಚಿದ್ದರೆ ಹಸಿದುಕೊಂಡೇ ಮಲಗಬೇಕಾಗುತ್ತದೆ. ಸಂಜೆ ಡ್ಯೂಟಿ ಮುಗಿದು ಬಂದಾಗ ಗೇಟು ತೆಗೆಯುತ್ತಾರಾ, ಅದನ್ನೂ ಕೇಳಿ.

ನಾನು ಸೇರಿದ್ದು ಮಳೆಗಾಲದಲ್ಲಿ. ಯೂನಿಫಾರ್ಮ್ ಎರಡು ಜೊತೆ ಹೊಲಿಸಿದ್ದೆ, ಸಾಲಲಿಲ್ಲ. ಜುಲೈನಲ್ಲಿ ಮಂಗಳೂರಿನಲ್ಲಿ ಬಟ್ಟೆ ಒಣಗುವುದಿಲ್ಲ. ಫ್ಯಾನಿನ ಕೆಳಗೆ ರಾತ್ರಿಯಿಡೀ ಹರಡಿದರೂ ಸೊಂಟದ ಪಟ್ಟಿ, ಜೇಬಿನ ಮೂಲೆ ಹಸಿಯಾಗಿಯೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಹಬೆ ಏಳುತ್ತದೆ, ಜೊತೆಗೆ ಒಂದು ಮುಗ್ಗಲು ವಾಸನೆ. ಮೂರನೇ ಜೊತೆ ಹೊಲಿಸಲು ಮೊದಲ ಸಂಬಳ ಬರುವ ತನಕ ಕಾಯಬೇಕಾಯಿತು. ಬಿಳಿ ಶೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ರಬ್ಬರ್ ಚಪ್ಪಲಿಯಲ್ಲಿ ಹೋಗಿ, ಚೇಂಜಿಂಗ್ ರೂಮಿನಲ್ಲಿ ಬದಲಿಸಿ. ಇದು ಸೀನಿಯರ್‌ಗಳೆಲ್ಲ ಮಾಡುವುದು.

ಮೊದಲ ಸಂಬಳದ ಬಗ್ಗೆ ಒಂದು ಮಾತು. ತಿಂಗಳ ಕೊನೆಗೆ ಸೇರಿದ್ದರಿಂದ ಆ ಕೆಲವು ದಿನದ ದುಡ್ಡು ಮುಂದಿನ ತಿಂಗಳಿಗೆ ಹೋಯಿತು. ಪಿಎಫ್‌ಗೆ ಬೇಸಿಕ್‌ನ 12 ಪರ್ಸೆಂಟ್, ಇಎಸ್‌ಐಗೆ 0.75 ಪರ್ಸೆಂಟ್ ಕಟ್ಟಾಯಿತು. ಸಂಬಳ 21,000 ದಾಟದವರಿಗೆ ಇಎಸ್‌ಐ ಇರುತ್ತದೆ. ಅದರ ಕಾರ್ಡು ಮಾಡಿಸಿ ಅಪ್ಪ ಅಮ್ಮನ ಹೆಸರು ಸೇರಿಸಲು ಆಗುತ್ತದಾ ಅಂತ ಎಚ್‌ಆರ್‌ನಲ್ಲಿ ಕೇಳಿ. ಒಟ್ಟಿನಲ್ಲಿ, ಕೆಲಸಕ್ಕೆ ಸೇರಿ ಮೊದಲ ದುಡ್ಡು ನೋಡುವ ತನಕ ಸುಮಾರು ಎರಡು ತಿಂಗಳ ಖರ್ಚು ಮನೆಯಿಂದಲೇ ಬರಬೇಕು ಅಂತ ಮೊದಲೇ ಹೇಳಿಟ್ಟಿರಿ.

ಇನ್ನು ವಾರ್ಡು. ಮಳೆಗಾಲ ಅಂದರೆ ಇಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ. ಹಾಸಿಗೆ ಖಾಲಿ ಆಗುವ ಮುಂಚೆ ಇನ್ನೊಬ್ಬರು ಬಂದು ನಿಂತಿರುತ್ತಾರೆ. ನನಗೆ ಮೊದಲು ಕೊಟ್ಟಿದ್ದು ನಾಲ್ಕು ರೋಗಿಗಳನ್ನು. ಆಮೇಲೆ ಅದು ಏರುತ್ತಾ ಹೋಯಿತು. ನಂಬರ್ ಇಲ್ಲದ ಟ್ರೈನಿ ಆದ್ದರಿಂದ ಇಂಜೆಕ್ಷನ್ ಕೊಟ್ಟರೆ ಚಾರ್ಟಿನಲ್ಲಿ ನನ್ನ ಸಹಿಯ ಪಕ್ಕ ಸೀನಿಯರ್ ಸಹಿ ಬೇಕು. ಇನ್ಸುಲಿನ್, ಹೆಪಾರಿನ್, ಪೊಟ್ಯಾಷಿಯಂ ಕ್ಲೋರೈಡ್ ಇಂಥವನ್ನಂತೂ ಅವರ ಎದುರಿಗೇ ತೆಗೆಯಬೇಕು. ಮೊದಲು ನನಗೆ ಇದು ಅವಮಾನ ಅನ್ನಿಸುತ್ತಿತ್ತು. ಬಿಡುವಿಲ್ಲದ ಅಕ್ಕಂದಿರ ಹಿಂದೆ ಚಾರ್ಟ್ ಹಿಡಿದು ತಿರುಗುವುದು, "ಅಕ್ಕಾ ಒಂದು ಸಹಿ", "ಅಕ್ಕಾ ಒಮ್ಮೆ ನೋಡಿ."

ಆ ಅಭಿಪ್ರಾಯ ಬದಲಾದದ್ದು ಇನ್ಸುಲಿನ್ ಟ್ರೇ ಮುಂದೆ. ಸೀನಿಯರ್ ಅಕ್ಕ ನನ್ನ ಎದುರಿಗೆ ಎರಡು ಸಿರಿಂಜ್ ಇಟ್ಟರು. ಒಂದರ ಮುಚ್ಚಳ ಕೆಂಪು, ಇನ್ನೊಂದರದ್ದು ಕಿತ್ತಳೆ. ನಮ್ಮ ದೇಶದಲ್ಲಿ ಸಾಮಾನ್ಯ ಇನ್ಸುಲಿನ್ ವಯಲ್‌ನಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100ರದ್ದು. 40ರ ವಯಲ್‌ನಿಂದ 100ರ ಸಿರಿಂಜಿನಲ್ಲಿ 20 ಗೆರೆ ತನಕ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾ ಮುರುಗಾ ಆದರೆ ಎರಡೂವರೆ ಪಟ್ಟು ಜಾಸ್ತಿ. "ವಯಲ್ ಓದು, ಸಿರಿಂಜ್ ಓದು, ಆಮೇಲೆ ನಂಗೆ ತೋರಿಸು. ನಾನೂ ಇನ್ನೊಬ್ಬರಿಗೆ ತೋರಿಸಿಯೇ ಕೊಡುವುದು ಮಾರಾಯ್ತಿ" ಅಂದರು. ಇಪ್ಪತ್ತು ವರ್ಷ ಸರ್ವೀಸ್ ಆದವರು. ಅವರೇ ತೋರಿಸಿ ಕೊಡುವಾಗ ನನ್ನದೇನು?

ನೈಟ್ ಡ್ಯೂಟಿಯ ಬಗ್ಗೆ ಎಲ್ಲರೂ ನಿದ್ದೆಯ ವಿಷಯ ಹೇಳುತ್ತಾರೆ. ನಿದ್ದೆ ಅಷ್ಟು ದೊಡ್ಡ ಕಷ್ಟ ಅಲ್ಲ. ಕಷ್ಟ ಅಂದರೆ ನಡುರಾತ್ರಿ ಡಾಕ್ಟರಿಗೆ ಫೋನ್ ಮಾಡಬೇಕಾ ಬೇಡವಾ ಅನ್ನುವ ತೀರ್ಮಾನ. ಬಂಟ್ವಾಳ ಕಡೆಯ ಒಬ್ಬ ಹುಡುಗ, ಡೆಂಗಿ. ಆ ದಿನ ಸಂಜೆ ಜ್ವರ ಬಿಟ್ಟಿತ್ತು. ತಾಯಿಗೆ ಖುಷಿ. ಫ್ಲಾಸ್ಕಿನಲ್ಲಿ ಪಪ್ಪಾಯಿ ಎಲೆ ರಸ ತಂದಿದ್ದರು, ಬೆಳಿಗ್ಗೆ ಡಿಸ್ಚಾರ್ಜ್ ಮಾಡಿ ಅಂತ ನನ್ನ ಹತ್ತಿರ ಹೇಳಿಯೂ ಆಗಿತ್ತು. ಹುಡುಗ ಮಾತ್ರ ಹೊಟ್ಟೆ ನೋವು ಅಂತ ಮಗ್ಗುಲಾಗಿ ಮಲಗಿದ್ದ. ಬಿಪಿ ನೋಡಿದರೆ 100ಕ್ಕೆ 82. ಮೇಲಿನದ್ದು ತೀರಾ ಕಡಿಮೆ ಏನಲ್ಲ. ಹ್ಯಾಂಡ್‌ಓವರ್‌ನಲ್ಲಿ ಅಕ್ಕ ಹೇಳಿದ್ದರು: "ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಜಾಗ್ರತೆ. ಮೇಲೆ ಕೆಳಗೆ ಎರಡರ ಅಂತರ 20ಕ್ಕೆ ಇಳಿದರೆ ಕಾಯಬೇಡ." ಇನ್ನೊಂದು ಕೈಯಲ್ಲಿ ನೋಡಿದೆ. ಅದೇ. ಕೈ ಬೆರಳು ತಣ್ಣಗೆ. ಫೋನ್ ಮಾಡಿದೆ. ಡ್ಯೂಟಿ ಡಾಕ್ಟರ್ ಬಂದು ಫ್ಲೂಯಿಡ್ ಬದಲಿಸಿ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಪಿಸಿವಿ ಪರೀಕ್ಷೆಗೆ ಕಳಿಸಿ, ಬೆಳಗಿನ ತನಕ ಗಂಟೆಗೊಮ್ಮೆ ಬಿಪಿ ಬರೆಯಲು ಹೇಳಿದರು. ಕೆಲವು ದಿನ ಬಿಟ್ಟು ಹುಡುಗ ಮನೆಗೆ ಹೋದ.

ಫೋನ್ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ರೋಗಿ, ಏನಾಗಿ ಸೇರಿದ್ದು, ಈಗ ಏನು ಕಾಣುತ್ತಿದೆ, ನಿಮಗೆ ಏನು ಬೇಕು. "ಸರ್, ಪೇಷೆಂಟ್ ಸ್ವಲ್ಪ ಸರಿ ಇಲ್ಲ" ಅಂದರೆ ಅವರು ಬೈಯುತ್ತಾರೆ. "ಬಿಪಿ 100ಕ್ಕೆ 82, ಕೈ ತಣ್ಣಗಿದೆ, ಬಂದು ನೋಡಿ" ಅಂದರೆ ಎದ್ದು ಬರುತ್ತಾರೆ.

ಸೂಜಿ ಚುಚ್ಚಿಕೊಳ್ಳುವುದೂ ಮೊದಲ ತಿಂಗಳುಗಳಲ್ಲೇ ಜಾಸ್ತಿ. ನಮ್ಮ ಬ್ಯಾಚಿನ ಒಬ್ಬಳಿಗೆ ಹಾಗಾಯಿತು. ಯಾರೋ ಸೂಜಿಯನ್ನು ಬಿಳಿ ಡಬ್ಬಿಗೆ ಹಾಕದೆ ಟ್ರೇಯಲ್ಲೇ ಬಿಟ್ಟಿದ್ದರು. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಕೂಡಲೇ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಒಮ್ಮೆ ಶುರು ಮಾಡಿದರೆ 28 ದಿನ ತಗೊಳ್ಳಬೇಕು. ಅವಳಿಗೆ ಮಾತ್ರೆ ಬೇಕಾಗಲಿಲ್ಲ, ರೋಗಿಯ ರಿಪೋರ್ಟ್ ನೆಗೆಟಿವ್ ಇತ್ತು. ಆದರೆ ರಿಪೋರ್ಟ್ ಬರುವ ತನಕ ಅವಳು ಊಟ ಮಾಡಲಿಲ್ಲ.

ನನ್ನ ನಂಬರ್ ಬಂದದ್ದು ಒಂದು ಸಂಜೆ ಡ್ಯೂಟಿಯ ನಡುವೆ. ಮೊಬೈಲ್ ಲಾಕರಿನಲ್ಲಿತ್ತು, ಪಿಜಿಗೆ ಬಂದ ಮೇಲೆ ನೋಡಿದೆ. ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ. ಅವಳದ್ದು ಇನ್ನೂ ಬಂದಿರಲಿಲ್ಲ, ಆದರೂ ಎದ್ದು ಕೂತು ನಕ್ಕಳು. ಅಪ್ಪನಿಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ, "ಸಂಬಳ ಯಾವಾಗಿಂದ ಜಾಸ್ತಿ?" ಅದು ತನ್ನಷ್ಟಕ್ಕೇ ಆಗುವುದಿಲ್ಲ ಅಂತ ಮರುದಿನ ಗೊತ್ತಾಯಿತು. ನೋಂದಣಿಯ ಪ್ರತಿ ಇಟ್ಟು, ಟ್ರೈನಿಯಿಂದ ಸ್ಟಾಫ್‌ಗೆ ಬದಲಿಸಿ ಅಂತ ಪತ್ರ ಬರೆದು ನರ್ಸಿಂಗ್ ಆಫೀಸಿನಲ್ಲೂ ಎಚ್‌ಆರ್‌ನಲ್ಲೂ ಕೊಡಬೇಕು. ಇನ್ನೊಂದು ಪ್ರತಿಯ ಮೇಲೆ ತಲುಪಿತು ಅಂತ ದಿನಾಂಕ, ಸಹಿ ಹಾಕಿಸಿಕೊಳ್ಳಿ. ನನ್ನ ಜೊತೆಗೆ ಸೇರಿದ ಒಬ್ಬಳು ಬಾಯಿಮಾತಿನಲ್ಲಿ ಹೇಳಿಸಿಕೊಂಡು ನಂಬಿದ್ದಳು, ಅವಳ ಹೊಸ ಸಂಬಳ ಒಂದು ತಿಂಗಳು ತಡ ಆಯಿತು.

ನಂಬರ್ ಬಂದ ಮೇಲೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ಏಮ್ಸ್ ನಡೆಸುವ ನಾರ್ಸೆಟ್ ಅನ್ನುವ ನರ್ಸ್ ನೇಮಕಾತಿ ಪರೀಕ್ಷೆಗೆ ನೋಂದಣಿ ಬೇಕೇ ಬೇಕು. ಬಿ.ಎಸ್ಸಿ. ಆದವರಿಗೆ ಅದರಲ್ಲಿ ಅನುಭವ ಕೇಳುವುದಿಲ್ಲ, ಜಿಎನ್‌ಎಂ ಡಿಪ್ಲೊಮಾ ಆದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ನಮ್ಮ ರಾಜ್ಯದ ಶುಶ್ರೂಷಾಧಿಕಾರಿ ಹುದ್ದೆಗಳಿಗೂ ಕೌನ್ಸಿಲ್ ನೋಂದಣಿಯೇ ಮೊದಲ ಅರ್ಹತೆ. ನಾನು ನೈಟ್ ಆಫ್ ದಿನಗಳಲ್ಲಿ ಓದುತ್ತಿದ್ದೇನೆ. ಓದಿದ್ದು ಎಷ್ಟು ತಲೆಯಲ್ಲಿ ನಿಲ್ಲುತ್ತದೆ ಅಂತ ಕೇಳಬೇಡಿ.

ಗಲ್ಫಿಗೆ ಹೋಗುವವರಿಗೆ ಇನ್ನೊಂದು. ಅಲ್ಲಿ ಡೇಟಾಫ್ಲೋ ಅಂತ ಪರಿಶೀಲನೆ ಇರುತ್ತದೆ. ಕಾಲೇಜು, ಕೌನ್ಸಿಲ್, ಕೆಲಸ ಮಾಡಿದ ಆಸ್ಪತ್ರೆ, ಮೂರೂ ಕಡೆಗೆ ನೇರವಾಗಿ ಕೇಳುತ್ತಾರೆ. ಟ್ರೈನಿಯಾಗಿ ಮಾಡಿದ ತಿಂಗಳುಗಳನ್ನು ಅನುಭವ ಅಂತ ಎಲ್ಲ ಕಡೆ ಲೆಕ್ಕ ಹಿಡಿಯುವುದಿಲ್ಲ, ನೋಂದಣಿ ದಿನಾಂಕದಿಂದ ಎಣಿಸುವವರೇ ಜಾಸ್ತಿ. ಹಾಗಾಗಿ ಸ್ಟಾಫ್ ನರ್ಸ್ ಅಂತ ಬರೆದಿರುವ ಹೊಸ ಅಪಾಯಿಂಟ್‌ಮೆಂಟ್ ಲೆಟರ್ ಕೇಳಿ ತಗೊಳ್ಳಿ. ಪ್ರತಿ ತಿಂಗಳ ಪೇ ಸ್ಲಿಪ್ ಆಗಾಗಲೇ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಕೆಲಸ ಬಿಟ್ಟ ಮೇಲೆ ಆಸ್ಪತ್ರೆಯ ಲಾಗಿನ್ ಬಂದ್ ಆಗುತ್ತದೆ.